ಮಕ್ಕಳಿಲ್ಲದ ರಾಜನ ಉಯಿಲು: ಸ್ಪೇನ್ ಸಿಂಹಾಸನಕ್ಕಾಗಿ ಯುರೋಪ್ ಹೊಡೆದಾಡಿದ ಕಥೆ

1700ರ ನವೆಂಬರ್ 1ರಂದು ಮ್ಯಾಡ್ರಿಡ್‌ನ ಅರಮನೆಯಲ್ಲಿ ಸ್ಪೇನ್ ರಾಜ ಎರಡನೇ ಚಾರ್ಲ್ಸ್ ತೀರಿಕೊಂಡ. ಇನ್ನೈದು ದಿನ ಬದುಕಿದ್ದರೆ ಅವನಿಗೆ 39 ತುಂಬುತ್ತಿತ್ತು. ಎರಡು ಮದುವೆಯಾಗಿದ್ದರೂ ಮಕ್ಕಳಿರಲಿಲ್ಲ. ಅಕ್ಕಂದಿರಿಬ್ಬರೂ ಅವನಿಗಿಂತ ಮುಂಚೆಯೇ ಹೋಗಿದ್ದರು. ಆದರೆ ಅವನು ಬಿಟ್ಟುಹೋದ ಆಸ್ತಿ ಅಷ್ಟಿಷ್ಟಲ್ಲ. ಸ್ಪೇನ್ ದೇಶವಂತೂ ಸರಿಯೇ ಸರಿ. ಅದರ ಜೊತೆಗೆ ಈಗಿನ ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್, ಇಟಲಿಯ ಮಿಲಾನ್, ನೇಪಲ್ಸ್, ಸಿಸಿಲಿ ಮತ್ತು ಸಾರ್ಡೀನಿಯ, ಅಟ್ಲಾಂಟಿಕ್ ಆಚೆ ಮೆಕ್ಸಿಕೋ, ಪೆರು, ಅಲ್ಲಿನ ಬೆಳ್ಳಿ ಗಣಿಗಳು, ಪೂರ್ವದಲ್ಲಿ ಫಿಲಿಪೀನ್ಸ್.

ಇದೆಲ್ಲ ಯಾರಿಗೆ ಸೇರಬೇಕು ಅನ್ನೋ ಪ್ರಶ್ನೆಗೆ 1701ರಿಂದ 1714ರವರೆಗೆ ಯುದ್ಧ ನಡೆಯಿತು. ಇಟಲಿ, ಜರ್ಮನಿ, ಬೆಲ್ಜಿಯಂ, ಸ್ಪೇನ್, ಸಮುದ್ರ, ಉತ್ತರ ಅಮೆರಿಕ, ಎಲ್ಲ ಕಡೆ ರಕ್ತ ಹರಿಯಿತು. ಸ್ಪೇನ್ ಉತ್ತರಾಧಿಕಾರ ಯುದ್ಧ ಎಂದು ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಹೆಸರು. ಒಂದೇ ಹೆಸರಿನ ಹತ್ತಾರು ರಾಜರು, ಮೇಲಿಂದ ಮೇಲೆ ಒಪ್ಪಂದಗಳು, ಪಕ್ಷ ಬದಲಿಸುವ ಮಿತ್ರರು. ಓದಲು ಕೂತವರಿಗೆ ತಲೆ ತಿರುಗುವುದು ಸಹಜ. ಎರಡು ಸಾವುಗಳನ್ನು ನೆನಪಿಟ್ಟುಕೊಂಡರೆ ದಾರಿ ಸಿಗುತ್ತದೆ. 1699ರಲ್ಲಿ ಆರು ವರ್ಷದ ಮಗುವೊಂದು ಸತ್ತಿತು, ಯುದ್ಧ ತಪ್ಪಿಸುವ ದಾರಿ ಮುಚ್ಚಿತು. 1711ರಲ್ಲಿ 32 ವರ್ಷದ ಚಕ್ರವರ್ತಿಯೊಬ್ಬ ಸಿಡುಬಿನಿಂದ ಸತ್ತ, ಯುದ್ಧ ಮುಂದುವರಿಸುವ ಕಾರಣವೇ ಇಲ್ಲವಾಯಿತು. ನ್ಯಾಯವಾದ ವಾರಸುದಾರ ಯಾರು ಎಂಬ ಪ್ರಶ್ನೆಗೆ ಮಾತ್ರ ಕೊನೆಯವರೆಗೂ ಉತ್ತರ ಸಿಗಲಿಲ್ಲ.

ಸೋದರಮಾವನ ಸಂಬಂಧ

ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಎರಡು ಕವಲು. ಒಂದು ಮ್ಯಾಡ್ರಿಡ್‌ನಲ್ಲಿ, ಇನ್ನೊಂದು ಆಸ್ಟ್ರಿಯದ ವಿಯೆನ್ನಾದಲ್ಲಿ. ಆಸ್ತಿ ಹೊರಗೆ ಹೋಗಬಾರದು ಎಂದು ಎರಡೂ ಕವಲುಗಳು ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದುಕೊಳ್ಳುತ್ತಿದ್ದವು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಕಡೆಯೂ ಇರುವುದರಿಂದ ಈ ನಂಟು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಚಾರ್ಲ್ಸ್‌ನ ಅಪ್ಪ ನಾಲ್ಕನೇ ಫಿಲಿಪ್ 1649ರಲ್ಲಿ ಮದುವೆಯಾದದ್ದು ತನ್ನ ಸ್ವಂತ ತಂಗಿಯ ಮಗಳು ಮರಿಯಾನಾಳನ್ನು. ಅವನಿಗೆ 44, ಅವಳಿಗೆ 14. ಅಸಲಿಗೆ ಅವಳನ್ನು ಗೊತ್ತು ಮಾಡಿದ್ದು ಫಿಲಿಪ್‌ನ ಮಗನಿಗೆ. ಆ ಮಗ 1646ರಲ್ಲಿ ತೀರಿಕೊಂಡ. ಕೊನೆಗೆ ಅಪ್ಪನೇ ಕೈಹಿಡಿದ.

ಒಂದು ತಲೆಮಾರಿನಲ್ಲಿ ಹೀಗಾದರೆ ಅಷ್ಟು ದೊಡ್ಡ ವಿಷಯವಲ್ಲ. ಆದರೆ ಇಲ್ಲಿ ಅದು ತಲೆಮಾರುಗಳ ಕಾಲ ನಡೆಯಿತು. ಚಾರ್ಲ್ಸ್‌ನ ಮುತ್ತಜ್ಜ ಎರಡನೇ ಫಿಲಿಪ್ ಕೂಡ ತಂಗಿಯ ಮಗಳನ್ನೇ ಮದುವೆಯಾಗಿದ್ದ. ಸ್ಪೇನ್‌ನ ಸಾಂತಿಯಾಗೋ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳು 2009ರಲ್ಲಿ ಈ ವಂಶವೃಕ್ಷವನ್ನು ಲೆಕ್ಕ ಹಾಕಿದರು. ಚಾರ್ಲ್ಸ್‌ನ ಒಳಸಂಬಂಧದ ಪ್ರಮಾಣ 0.254 ಬಂತು. ಒಡಹುಟ್ಟಿದ ಅಣ್ಣ ತಂಗಿಗೆ ಮಗು ಹುಟ್ಟಿದರೆ ಆ ಮಗುವಿನ ಪ್ರಮಾಣ 0.25. ಅಂದರೆ ಅದಕ್ಕಿಂತಲೂ ಸ್ವಲ್ಪ ಜಾಸ್ತಿ.

ಅದರ ಹೊರೆಯನ್ನೆಲ್ಲ ಆ ಒಂದು ಮೈ ಹೊತ್ತಿತು. ಮಾತು ತಡವಾಗಿ ಬಂತು, ನಡಿಗೆಯೂ ತಡ. ಕೆಳದವಡೆ ಮುಂದೆ ಚಾಚಿಕೊಂಡಿದ್ದರಿಂದ ಊಟ ಅಗಿಯುವುದೇ ಕಷ್ಟ. ಜೀವನವಿಡೀ ಒಂದಲ್ಲ ಒಂದು ಕಾಯಿಲೆ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಜನ ನಂಬಿದರು. ಅರಮನೆಯವರೂ ನಂಬಿ, ಕೊನೆಯ ವರ್ಷಗಳಲ್ಲಿ ಪಾದ್ರಿಗಳನ್ನು ಕರೆಸಿ ದೆವ್ವ ಬಿಡಿಸುವ ಶಾಸ್ತ್ರವನ್ನೂ ಮಾಡಿಸಿದರು. ಅವನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದು ಅನ್ಯಾಯ. ಅವನ ಮೈ ಸೋತಿತ್ತು, ಮನಸ್ಸು ಒಂದು ವಿಷಯದಲ್ಲಿ ಗಟ್ಟಿಯಾಗಿತ್ತು. ಅಪ್ಪ ಬಿಟ್ಟುಹೋದ ರಾಜ್ಯ ಒಡೆಯಬಾರದು. ಸಾಯುವವರೆಗೂ ಅವನು ಆ ಹಟ ಬಿಡಲಿಲ್ಲ.

ಹಕ್ಕು ಬಂದದ್ದು ಹೆಣ್ಣುಮಕ್ಕಳಿಂದ

ಫ್ರಾನ್ಸ್‌ನಲ್ಲಿ ಹೆಣ್ಣಿಗೆ ಪಟ್ಟ ಇಲ್ಲ, ಹೆಣ್ಣಿನ ಮೂಲಕ ಹಕ್ಕೂ ಬರುವುದಿಲ್ಲ. ಸ್ಪೇನ್‌ನ ಕಟ್ಟಳೆ ಬೇರೆ. ಅಲ್ಲಿ ಗಂಡು ಸಂತಾನ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೂ ಅವರ ಮಕ್ಕಳಿಗೂ ಹಕ್ಕುಂಟು. ಜಗಳದ ಬೇರು ಇರುವುದೇ ಇಲ್ಲಿ.

ನಾಲ್ಕನೇ ಫಿಲಿಪ್‌ಗೆ ಬದುಕುಳಿದ ಹೆಣ್ಣುಮಕ್ಕಳು ಇಬ್ಬರು. ಹಿರಿಯವಳು ಮೊದಲ ಹೆಂಡತಿಯ ಮಗಳು ಮರಿಯಾ ತೆರೇಸಾ. ಅವಳನ್ನು ಫ್ರಾನ್ಸ್‌ನ ಹದಿನಾಲ್ಕನೇ ಲೂಯಿಗೆ ಕೊಟ್ಟರು. ಕಿರಿಯವಳು ಮಾರ್ಗರೀಟಾ, ಮರಿಯಾನಾಳ ಮಗಳು. ವೆಲಾಸ್ಕೆಸ್ 1656ರಲ್ಲಿ ಬರೆದ ಒಂದು ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿದೆ. ಅದರ ನಡುವೆ ಅಗಲವಾದ ಬಿಳಿ ಗೌನು ತೊಟ್ಟು, ಸುತ್ತ ಸಖಿಯರನ್ನು ಇಟ್ಟುಕೊಂಡು ನಿಂತಿರುವ ಐದು ವರ್ಷದ ಹುಡುಗಿಯೇ ಈ ಮಾರ್ಗರೀಟಾ. ಅವಳನ್ನು ವಿಯೆನ್ನಾದ ಚಕ್ರವರ್ತಿ ಲಿಯೋಪೋಲ್ಡ್‌ಗೆ ಕೊಟ್ಟರು. ಆತ ಮರಿಯಾನಾಳ ತಮ್ಮ, ಅಂದರೆ ಹುಡುಗಿಗೆ ಮತ್ತೆ ಸೋದರಮಾವ! ಅವಳು 21ನೇ ವಯಸ್ಸಿಗೇ ತೀರಿಕೊಂಡಳು.

ಹಾಗಾಗಿ ಹಕ್ಕುದಾರರು ಮೂರು ಕಡೆ ಹುಟ್ಟಿಕೊಂಡರು. ಲೂಯಿ ತನ್ನ ಹೆಂಡತಿಯ ಹೆಸರಿನಲ್ಲಿ ಮಗನಿಗೂ ಮೊಮ್ಮಕ್ಕಳಿಗೂ ಕೇಳಿದ. ಲಿಯೋಪೋಲ್ಡ್ ತನ್ನ ತಾಯಿಯ ಕಡೆಯ ಹಕ್ಕನ್ನು ಹಿಡಿದು, ಮೂರನೇ ಹೆಂಡತಿಯಲ್ಲಿ ಹುಟ್ಟಿದ ಕಿರಿಯ ಮಗ ಆರ್ಚ್‌ಡ್ಯೂಕ್ ಚಾರ್ಲ್ಸ್‌ಗೆ ಕೇಳಿದ. ಸತ್ತ ರಾಜನ ಹೆಸರೂ ಚಾರ್ಲ್ಸ್, ಇವನ ಹೆಸರೂ ಚಾರ್ಲ್ಸ್, ಇಬ್ಬರನ್ನು ಬೆರೆಸಿಕೊಳ್ಳಬೇಡಿ. ಆರ್ಚ್‌ಡ್ಯೂಕ್ ಎಂಬುದು ಆಸ್ಟ್ರಿಯದ ರಾಜಕುಮಾರರ ಬಿರುದು. ಮೂರನೆಯವನು ಜರ್ಮನಿಯ ಬವೇರಿಯದ ಪುಟ್ಟ ರಾಜಕುಮಾರ ಜೋಸೆಫ್ ಫರ್ಡಿನೆಂಡ್, ಆ ಚಿತ್ರದ ಹುಡುಗಿ ಮಾರ್ಗರೀಟಾಳ ಮೊಮ್ಮಗ.

ಮರಿಯಾ ತೆರೇಸಾ ಮದುವೆಯ ಹೊತ್ತಿಗೆ ಸ್ಪೇನ್ ಮೇಲಿನ ಹಕ್ಕನ್ನು ಬಿಟ್ಟುಕೊಡುವುದಾಗಿ ಬರೆದುಕೊಟ್ಟಿದ್ದಳು. ಅದಕ್ಕೆ ಬದಲಾಗಿ ಸ್ಪೇನ್ 5 ಲಕ್ಷ ಚಿನ್ನದ ಎಸ್ಕೂಡೋ ವರದಕ್ಷಿಣೆ ಕೊಡಬೇಕಿತ್ತು. ಸ್ಪೇನ್ ಖಜಾನೆ ಬರಿದಾಗಿತ್ತು, ಹಣ ಬರಲಿಲ್ಲ. ಹಣ ಕೊಡದಿದ್ದ ಮೇಲೆ ಆ ಕಾಗದಕ್ಕೆ ಬೆಲೆ ಇಲ್ಲ ಎಂದು ಫ್ರೆಂಚ್ ವಕೀಲರು ವಾದಿಸಿದರು. ಹುಟ್ಟಿನಿಂದ ಬಂದ ಹಕ್ಕನ್ನು ಬರೆದುಕೊಟ್ಟು ಕಳೆದುಕೊಳ್ಳಲು ಬರುವುದೇ ಇಲ್ಲ ಎಂದೂ ಹೇಳಿದರು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರಾಜ ಬದುಕಿರುವಾಗಲೇ ಪಾಲು

ಇಂಗ್ಲೆಂಡಿಗೂ ಡಚ್ಚರಿಗೂ ಇದ್ದ ಭಯ ಒಂದೇ. ಇಡೀ ಸ್ಪೇನ್ ಸಾಮ್ರಾಜ್ಯ ಫ್ರಾನ್ಸ್‌ಗೆ ಹೋದರೆ ಲೂಯಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಇಡೀ ಸಾಮ್ರಾಜ್ಯ ವಿಯೆನ್ನಾಕ್ಕೆ ಹೋಗುವುದನ್ನು ಲೂಯಿ ಸುಮ್ನೆ ನೋಡುತ್ತಾ ಕೂರುವುದಿಲ್ಲ. ಆಗ ಇಂಗ್ಲೆಂಡ್ ರಾಜನಾಗಿದ್ದ ಮೂರನೇ ವಿಲಿಯಂ ಡಚ್ಚರ ನಾಯಕನೂ ಹೌದು, ಲೂಯಿಯ ಹಳೆಯ ವೈರಿಯೂ ಹೌದು. ಅಚ್ಚರಿಯೆಂದರೆ, ಈ ಇಬ್ಬರು ವೈರಿಗಳೇ ಕೂತು ಮಾತಾಡಿದರು. 1698ರಲ್ಲಿ ಒಪ್ಪಂದವಾಯಿತು. ಸ್ಪೇನ್, ಅಮೆರಿಕ, ಬೆಲ್ಜಿಯಂ ಬವೇರಿಯದ ಮಗುವಿಗೆ. ನೇಪಲ್ಸ್, ಸಿಸಿಲಿ ಫ್ರಾನ್ಸ್‌ಗೆ. ಮಿಲಾನ್ ಆರ್ಚ್‌ಡ್ಯೂಕ್‌ಗೆ. ದೊಡ್ಡ ಪಾಲು ಸಿಗುವುದು ಸಣ್ಣ ಮನೆತನಕ್ಕೆ, ಹಾಗಾಗಿ ಯಾರಿಗೂ ಭಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಏರ್ಪಾಡು. ಇಡೀ ಪ್ರಕರಣದಲ್ಲಿ ಯಾರಾದರೂ ಮಾಡಿದ ಬುದ್ಧಿವಂತಿಕೆಯ ಕೆಲಸ ಅಂದರೆ ಇದೇ ಎಂದು ನನಗನ್ನಿಸುತ್ತದೆ.

ಮ್ಯಾಡ್ರಿಡ್‌ನಲ್ಲಿ ಸುದ್ದಿ ತಿಳಿದಾಗ ಚಾರ್ಲ್ಸ್‌ಗೆ ಬಂದ ಸಿಟ್ಟು ನ್ಯಾಯವಾದದ್ದೇ. ತಾನಿನ್ನೂ ಬದುಕಿರುವಾಗ ತನ್ನನ್ನು ಒಂದು ಮಾತೂ ಕೇಳದೆ ಪಾಲು ಪಂಚಾಯಿತಿ ಮಾಡಿದ್ದರಲ್ಲ. ಅವನೂ ಬವೇರಿಯದ ಮಗುವನ್ನೇ ವಾರಸುದಾರ ಎಂದು ಬರೆದ, ಆದರೆ ಇಡೀ ಸಾಮ್ರಾಜ್ಯಕ್ಕೆ. ಹಾಗಿದ್ದರೂ ಎಲ್ಲರ ಬಾಯಲ್ಲಿ ಒಂದೇ ಹೆಸರು ಬಂದಂತಾಯಿತಲ್ವಾ? ಅಷ್ಟರಲ್ಲಿ, 1699ರ ಫೆಬ್ರವರಿ 6ರಂದು, ಆ ಮಗು ಬ್ರಸೆಲ್ಸ್‌ನಲ್ಲಿ ಸತ್ತುಹೋಯಿತು.

ಉಳಿದವರು ಇಬ್ಬರೇ, ಇಬ್ಬರೂ ದೊಡ್ಡವರು. 1700ರಲ್ಲಿ ಲೂಯಿ ಮತ್ತು ವಿಲಿಯಂ ಎರಡನೇ ಒಪ್ಪಂದ ಮಾಡಿ ಸ್ಪೇನ್ ಆರ್ಚ್‌ಡ್ಯೂಕ್‌ಗೆ, ಇಟಲಿಯ ಭಾಗಗಳು ಫ್ರಾನ್ಸ್‌ಗೆ ಎಂದರು. ತನಗೆ ಎಲ್ಲವೂ ಬೇಕು ಎಂದು ಲಿಯೋಪೋಲ್ಡ್ ಒಪ್ಪಲಿಲ್ಲ.

ಸಾವಿನ ಹಾಸಿಗೆಯಲ್ಲಿದ್ದ ಚಾರ್ಲ್ಸ್ ಯೋಚಿಸಿದ. ರಾಜ್ಯ ಒಡೆಯದಂತೆ ಕಾಯುವ ಶಕ್ತಿ ಯಾರಿಗಿದೆ? ದೂರದ ವಿಯೆನ್ನಾಕ್ಕಲ್ಲ, ಪಕ್ಕದ ಫ್ರಾನ್ಸ್‌ಗೆ. ಟೊಲೇಡೋದ ಆರ್ಚ್‌ಬಿಷಪ್ ಕಾರ್ಡಿನಲ್ ಪೋರ್ಟೊಕರೇರೊ ಕೂಡ ಅದನ್ನೇ ಒತ್ತಿ ಹೇಳಿದ. ತನ್ನದೇ ಹ್ಯಾಬ್ಸ್‌ಬರ್ಗ್ ರಕ್ತವನ್ನು ಬದಿಗಿಟ್ಟು, ಅಕ್ಟೋಬರ್ ಮೊದಲ ವಾರದಲ್ಲಿ ಅವನು ಉಯಿಲಿಗೆ ಸಹಿ ಹಾಕಿದ. ಇಡೀ ಸಾಮ್ರಾಜ್ಯ ಲೂಯಿಯ ಎರಡನೇ ಮೊಮ್ಮಗ, ಆಂಜೂವಿನ ಡ್ಯೂಕ್ ಫಿಲಿಪ್‌ಗೆ. ಅವರು ಬೇಡ ಎಂದರೆ ಇಡೀ ಸಾಮ್ರಾಜ್ಯ ಆರ್ಚ್‌ಡ್ಯೂಕ್ ಚಾರ್ಲ್ಸ್‌ಗೆ. ಯಾರಿಗೇ ಹೋಗಲಿ, ಒಡೆಯುವಂತಿಲ್ಲ.

ಲೂಯಿಯ ಮುಂದಿದ್ದ ಕಾಗದ

ಉಯಿಲು ಫ್ರಾನ್ಸ್ ತಲುಪಿದಾಗ ಅರಮನೆಯವರೆಲ್ಲ ಫಾಂಟೆನ್‌ಬ್ಲೋದಲ್ಲಿದ್ದರು. ಲೂಯಿ ತನ್ನ ಎರಡನೇ ಹೆಂಡತಿ ಮಾದಾಂ ಮ್ಯಾಂಟೆನಾನ್‌ಳ ಕೋಣೆಯಲ್ಲಿ ಮಂತ್ರಿಗಳನ್ನು ಕೂರಿಸಿ ಸಲಹೆ ಕೇಳಿದ. ಆಗ ಅವನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯದ್ದು. ಒಪ್ಪಿದರೆ ವಿಲಿಯಂಗೆ ಕೊಟ್ಟ ಮಾತು ಮುರಿದಂತೆ. ಬೇಡವೆಂದರೆ ಸ್ಪೇನ್‌ನ ದೂತ ಅದೇ ಕಾಗದ ಹಿಡಿದು ವಿಯೆನ್ನಾಕ್ಕೆ ಹೋಗುತ್ತಾನೆ. ಆಮೇಲೆ ಒಪ್ಪಂದದ ಪಾಲು ಪಡೆಯಬೇಕಾದರೂ ಯುದ್ಧ ಮಾಡಲೇಬೇಕು, ಅದಕ್ಕೆ ವಿಲಿಯಂ ಸೈನ್ಯ ಕೊಡುತ್ತಾನೆ ಎಂಬ ನಂಬಿಕೆಯೂ ಇಲ್ಲ. ಎರಡೂ ದಾರಿಯಲ್ಲಿ ಯುದ್ಧ ಇರುವುದಾದರೆ ಕೈಗೆ ಬಂದದ್ದನ್ನು ಬಿಡುವುದೇಕೆ? 16 ವರ್ಷದ ಮೊಮ್ಮಗನನ್ನು ನವೆಂಬರ್ 16ರಂದು ವರ್ಸೈಲ್ಸ್‌ನಲ್ಲಿ ಆಸ್ಥಾನದ ಮುಂದೆ ನಿಲ್ಲಿಸಿ, ಇವನೇ ಸ್ಪೇನ್ ರಾಜ ಎಂದು ಘೋಷಿಸಿದ. ಸ್ಪೇನ್ ರಾಯಭಾರಿ ಆ ಹುಡುಗನ ಮುಂದೆ ಮಂಡಿಯೂರಿದ. ಐದನೇ ಫಿಲಿಪ್ ಎಂಬ ಹೆಸರಿನಲ್ಲಿ ಹುಡುಗ ಮ್ಯಾಡ್ರಿಡ್‌ಗೆ ಹೊರಟ.

ಇಲ್ಲಿಯವರೆಗೆ ಲೂಯಿಯನ್ನು ದೂರಲು ಮನಸ್ಸು ಬರುವುದಿಲ್ಲ. 1701ರ ವಸಂತದ ಹೊತ್ತಿಗೆ ಡಚ್ಚರೂ ಇಂಗ್ಲೆಂಡೂ ಫಿಲಿಪ್‌ನನ್ನು ರಾಜ ಎಂದು ಒಪ್ಪಿಯೂ ಬಿಟ್ಟಿದ್ದರು. ಕಾದಲು ಹೊರಟಿದ್ದು ಆಸ್ಟ್ರಿಯ ಒಂದೇ. ದೊಡ್ಡ ಯುದ್ಧ ತಪ್ಪಬಹುದಿತ್ತು. ಕೆಡಿಸಿದ್ದು ಆಮೇಲಿನ ದುಡುಕು. ಫಿಲಿಪ್ ಸ್ಪೇನ್ ರಾಜನಾದರೂ ಫ್ರಾನ್ಸ್ ಸಿಂಹಾಸನದ ಹಕ್ಕು ಅವನಿಗೆ ಉಳಿಯುತ್ತದೆ ಎಂದು ಲೂಯಿ ಪ್ಯಾರಿಸ್‌ನಲ್ಲಿ ದಾಖಲು ಮಾಡಿಸಿದ. ಮುಂದೊಂದು ದಿನ ಎರಡೂ ಕಿರೀಟ ಒಂದೇ ತಲೆಗೆ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಬೆಲ್ಜಿಯಂನಲ್ಲಿ ಡಚ್ಚರು ತಮ್ಮ ರಕ್ಷಣೆಗೆಂದು ಸೈನಿಕರನ್ನು ಇಟ್ಟಿದ್ದ ಕೋಟೆಗಳಿಗೆ ಫ್ರೆಂಚ್ ಪಡೆ ನುಗ್ಗಿತು. ಸ್ಪೇನ್‌ನ ಅಮೆರಿಕಕ್ಕೆ ಆಫ್ರಿಕದ ಗುಲಾಮರನ್ನು ಸಾಗಿಸುವ ಗುತ್ತಿಗೆ ಫ್ರೆಂಚ್ ಕಂಪನಿಯ ಪಾಲಾಯಿತು. ಕೊನೆಗೆ, ಇಂಗ್ಲೆಂಡಿನಿಂದ ಓಡಿಹೋಗಿ ಫ್ರಾನ್ಸ್‌ನಲ್ಲಿದ್ದ ಮಾಜಿ ರಾಜ ಎರಡನೇ ಜೇಮ್ಸ್ 1701ರ ಸೆಪ್ಟೆಂಬರ್‌ನಲ್ಲಿ ಸತ್ತಾಗ, ಅವನ ಮಗನೇ ಇಂಗ್ಲೆಂಡಿನ ನಿಜವಾದ ರಾಜ ಎಂದು ಲೂಯಿ ಸಾರಿದ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಇಂಗ್ಲಿಷರಿಗೆ ಇದು ಈಗ ಸ್ಪೇನ್ ಸಿಂಹಾಸನದ ವಿಷಯ ಮಾತ್ರ ಅಲ್ಲ, ಅವರ ಸ್ವಂತ ಸಿಂಹಾಸನದ ವಿಷಯವೂ ಆಯಿತು.

ಅದೇ ತಿಂಗಳು ಹೇಗ್ ನಗರದಲ್ಲಿ ಇಂಗ್ಲೆಂಡ್, ಡಚ್ಚರು ಮತ್ತು ಆಸ್ಟ್ರಿಯ ಕೂಟ ಕಟ್ಟಿದರು. ಆ ಕೂಟದ ಮೊದಲ ಗುರಿ ಫಿಲಿಪ್‌ನನ್ನು ಇಳಿಸುವುದು ಆಗಿರಲಿಲ್ಲ. ಎರಡು ಕಿರೀಟ ಒಂದಾಗಬಾರದು, ಆಸ್ಟ್ರಿಯಕ್ಕೆ ಇಟಲಿಯಲ್ಲೋ ಬೆಲ್ಜಿಯಂನಲ್ಲೋ ತಕ್ಕ ಪಾಲು ಸಿಗಬೇಕು, ತಮ್ಮ ವ್ಯಾಪಾರಕ್ಕೆ ಅಡ್ಡಿಯಾಗಬಾರದು. ಅಷ್ಟೇ. 1703ರಲ್ಲಿ ಪೋರ್ಚುಗಲ್ ಸೇರಿದಾಗ ಆಸೆ ದೊಡ್ಡದಾಯಿತು. ಆರ್ಚ್‌ಡ್ಯೂಕ್ ಚಾರ್ಲ್ಸ್‌ನನ್ನೇ ಮ್ಯಾಡ್ರಿಡ್‌ನಲ್ಲಿ ಕೂರಿಸಬೇಕು, ಅಲ್ಲಿಯವರೆಗೆ ಶಾಂತಿಯಿಲ್ಲ ಎಂದರು. ಹತ್ತು ವರ್ಷದ ಸಾವುನೋವಿನ ಬಹುಪಾಲು ಈ ಒಂದು ಮಾತಿನಿಂದ ಬಂತು.

ಡ್ಯಾನ್ಯೂಬ್ ದಂಡೆಯಲ್ಲಿ, ಸ್ಪೇನ್ ಬಯಲಿನಲ್ಲಿ

ಎಲ್ಲ ಯುದ್ಧಗಳನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ.

1704ರಲ್ಲಿ ಫ್ರೆಂಚರು ಮತ್ತು ಅವರ ಜೊತೆ ಸೇರಿದ್ದ ಬವೇರಿಯನ್ನರು ವಿಯೆನ್ನಾದ ಕಡೆ ನುಗ್ಗುವ ಹಾಗಿದ್ದರು. ವಿಯೆನ್ನಾ ಬಿದ್ದರೆ ಕೂಟವೇ ಮುರಿದಂತೆ. ಇಂಗ್ಲಿಷ್ ಸೇನಾಪತಿ ಮಾರ್ಲ್‌ಬರೋ ಮೇ ತಿಂಗಳಲ್ಲಿ ಕೊಲೋನ್ ಹತ್ತಿರದಿಂದ ದಂಡು ಕಟ್ಟಿಕೊಂಡು ಡ್ಯಾನ್ಯೂಬ್ ಕಡೆ ಹೊರಟ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಡಚ್ಚರಿಗೂ ಸರಿಯಾಗಿ ಹೇಳಲಿಲ್ಲ. ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ. ಸುಮಾರು 400 ಕಿಲೋಮೀಟರ್ ನಡಿಗೆ. ಬಿಸಿಲೇರುವ ಮೊದಲೇ ದಿನದ ನಡಿಗೆ ಮುಗಿಯಲಿ ಎಂದು ನಸುಕಿನಲ್ಲೇ ಹೊರಡುತ್ತಿದ್ದರು. ದಾರಿಯ ರೈತರಿಗೆ ದವಸಕ್ಕೆ ದುಡ್ಡು ಕೊಟ್ಟರು, ದೋಚಲಿಲ್ಲ. ಹೈಡೆಲ್‌ಬರ್ಗ್ ತಲುಪುವ ಹೊತ್ತಿಗೆ ಸೈನಿಕರ ಬೂಟು ಸವೆದಿರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಅಲ್ಲಿ ಹೊಸ ಬೂಟುಗಳನ್ನು ಸಿದ್ಧವಾಗಿ ಇಡಿಸಿದ್ದ. ಆ ಕಾಲದ ಸೈನ್ಯಗಳು ಹಸಿವಿನಿಂದ, ಕಾಯಿಲೆಯಿಂದ ದಾರಿಯಲ್ಲೇ ಕರಗುತ್ತಿದ್ದವು. ಇವನ ಸೈನ್ಯ ಹಾಗೇ ಗಟ್ಟಿಯಾಗಿ ಬಂದು ತಲುಪಿತು.

ಅಲ್ಲಿ ಆಸ್ಟ್ರಿಯದ ಸೇನಾಪತಿ ಯುಜೀನ್ ಜೊತೆಯಾದ. ಯುಜೀನ್ ಹುಟ್ಟಿ ಬೆಳೆದದ್ದು ಪ್ಯಾರಿಸ್‌ನಲ್ಲಿ. ಹುಡುಗನಾಗಿದ್ದಾಗ ಲೂಯಿಯ ಬಳಿ ಸೈನ್ಯದಲ್ಲಿ ಕೆಲಸ ಕೇಳಿದ್ದ, ಲೂಯಿ ಕೊಟ್ಟಿರಲಿಲ್ಲ. ಆಗಸ್ಟ್ 13ರಂದು ಬ್ಲೆನ್‌ಹೈಮ್ ಹಳ್ಳಿಯ ಬಳಿ ಇಬ್ಬರೂ ಸೇರಿ ಫ್ರೆಂಚ್ ಸೈನ್ಯವನ್ನು ಮುರಿದರು. ಫ್ರೆಂಚ್ ಮಾರ್ಷಲ್ ಟಲ್ಲಾರ್ ಸೆರೆಸಿಕ್ಕ. ದಿನವಿಡೀ ಕುದುರೆ ಮೇಲಿದ್ದ ಮಾರ್ಲ್‌ಬರೋ ಸಂಜೆ ಹೊತ್ತಿಗೆ ಹೆಂಡತಿ ಸಾರಾಳಿಗೆ ನಾಲ್ಕು ಸಾಲು ಗೀಚಿದ. ಗೆದ್ದ ಸುದ್ದಿಯನ್ನು (ವಿಲಿಯಂ ನಂತರ ಪಟ್ಟಕ್ಕೆ ಬಂದಿದ್ದ) ರಾಣಿ ಆ್ಯನ್‌ಗೆ ಮುಟ್ಟಿಸು ಎಂದು ಬರೆದದ್ದು ಒಂದು ಹೋಟೆಲ್ ಬಿಲ್ಲಿನ ಹಿಂಬದಿಯಲ್ಲಿ, ಪೆನ್ಸಿಲ್‌ನಿಂದ.

ಆಮೇಲೆ 1706ರಲ್ಲಿ ರಾಮಿಯೀ ಮತ್ತು ಟ್ಯೂರಿನ್, 1708ರಲ್ಲಿ ಊಡೆನಾರ್ಡ್. ಬೆಲ್ಜಿಯಂ, ಇಟಲಿ ಎರಡೂ ಕಡೆ ಫ್ರೆಂಚರು ಹಿಂದೆ ಸರಿದರು. 1709ರ ಜನವರಿಯಲ್ಲಿ ಭಯಂಕರ ಚಳಿ ಬಿತ್ತು. ನದಿಗಳು ಹೆಪ್ಪುಗಟ್ಟಿದವು, ನೆಲದಲ್ಲಿದ್ದ ಬೀಜ ಸತ್ತಿತು, ಫ್ರಾನ್ಸ್‌ನಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಲೂಯಿ ತನ್ನ ಚಿನ್ನದ ತಟ್ಟೆಗಳನ್ನು ಟಂಕಸಾಲೆಗೆ ಕಳಿಸಿದ. ಶಾಂತಿ ಕೇಳಿದ, ಹೆಚ್ಚುಕಡಿಮೆ ಎಲ್ಲ ಷರತ್ತನ್ನೂ ಒಪ್ಪಿದ. ಆದರೆ ಕೂಟದವರು ಇನ್ನೂ ಒಂದು ಕೇಳಿದರು: ಫಿಲಿಪ್ ತಾನಾಗಿ ಇಳಿಯದಿದ್ದರೆ, ಅಜ್ಜನೇ ಸೈನ್ಯ ಕಳಿಸಿ ಮೊಮ್ಮಗನನ್ನು ಓಡಿಸಬೇಕು. ಯುದ್ಧ ಮಾಡಲೇಬೇಕಾದರೆ ಮಕ್ಕಳ ವಿರುದ್ಧ ಮಾಡುವುದಕ್ಕಿಂತ ಶತ್ರುಗಳ ವಿರುದ್ಧ ಮಾಡುವುದೇ ಮೇಲು ಎಂದು ಲೂಯಿ ನಿಂತ. ಆ ವರ್ಷದ ಸೆಪ್ಟೆಂಬರ್ 11ರಂದು ಮಾಲ್‌ಪ್ಲಾಕೆಯಲ್ಲಿ ಕೂಟ ಗೆದ್ದಿತು, ಆದರೆ ಅದರ ಕಡೆ ಸತ್ತವರು ಗಾಯಗೊಂಡವರು ಸುಮಾರು 20,000. ಸೋತ ಫ್ರೆಂಚರಿಗಿಂತ ಎಷ್ಟೋ ಜಾಸ್ತಿ. ಲಂಡನ್‌ನಲ್ಲಿ ಜನರಿಗೆ ಯುದ್ಧ ಸಾಕಾಯಿತು.

ಸ್ಪೇನ್‌ನೊಳಗೆ ನಡೆದದ್ದು ಬೇರೆಯೇ ಯುದ್ಧ. ಅದು ಅಣ್ಣತಮ್ಮಂದಿರ ಕಾಳಗ. ಮ್ಯಾಡ್ರಿಡ್ ಇರುವ ಕ್ಯಾಸ್ಟೀಲ್ ಪ್ರಾಂತ್ಯ ಫಿಲಿಪ್ ಕಡೆ. ಕ್ಯಾಟಲೋನಿಯ, ಅರಗಾನ್, ವಲೆನ್ಸಿಯಗಳಲ್ಲಿ ಹೆಚ್ಚಿನವರು ಆರ್ಚ್‌ಡ್ಯೂಕ್ ಕಡೆ. ಈ ಮೂರು ನಾಡುಗಳಿಗೆ ತಮ್ಮದೇ ಕಾನೂನು, ತಮ್ಮದೇ ಸಭೆ ಇತ್ತು. ಫ್ರಾನ್ಸ್‌ನಿಂದ ಬಂದ ರಾಜ ಫ್ರಾನ್ಸ್‌ನ ಹಾಗೆಯೇ ಎಲ್ಲವನ್ನೂ ಮ್ಯಾಡ್ರಿಡ್‌ನಿಂದ ನಡೆಸುತ್ತಾನೆ ಎಂಬ ಭಯ ಅವರದು. ಆರ್ಚ್‌ಡ್ಯೂಕ್ 1705ರಲ್ಲಿ ಬಾರ್ಸಿಲೋನಾ ಹಿಡಿದು ಅಲ್ಲೇ ಆಸ್ಥಾನ ನಡೆಸಿದ. ಅವನ ಕಡೆಯವರು ಎರಡು ಸಲ ಮ್ಯಾಡ್ರಿಡ್ ಹಿಡಿದರು, ಎರಡೂ ಸಲ ಬಿಟ್ಟು ಬರಬೇಕಾಯಿತು. 1710ರಲ್ಲಿ ಅವನೇ ಮ್ಯಾಡ್ರಿಡ್‌ಗೆ ಬಂದಾಗ ಬೀದಿಗಳು ಖಾಲಿ, ಬಾಗಿಲು ಕಿಟಕಿಗಳು ಬಂದ್. ಜನ ಒಪ್ಪದ ಊರನ್ನು ಸೈನ್ಯದಿಂದ ಉಳಿಸಿಕೊಳ್ಳಲು ಆಗಲಿಲ್ಲ.

1707ರಲ್ಲಿ ಅಲ್ಮಾನ್ಸಾದಲ್ಲಿ ಫಿಲಿಪ್ ಪರ ಫ್ರೆಂಚ್ ಸೈನ್ಯ ನಡೆಸಿದವನು ಬರ್ವಿಕ್, ಎರಡನೇ ಜೇಮ್ಸ್‌ಗೆ ಮದುವೆಯಾಚೆ ಹುಟ್ಟಿದ ಮಗ, ಮಾರ್ಲ್‌ಬರೋನ ಸೋದರಳಿಯ. ಎದುರಿಗೆ ಇಂಗ್ಲಿಷ್ ಪಡೆ ನಡೆಸಿದ ಗಾಲ್ವೇ ಫ್ರಾನ್ಸ್‌ನಲ್ಲಿ ಹುಟ್ಟಿ, ಪ್ರಾಟೆಸ್ಟೆಂಟ್ ಎಂಬ ಕಾರಣಕ್ಕೆ ದೇಶ ಬಿಟ್ಟವನು. ಬರ್ವಿಕ್ ಗೆದ್ದ. ಅದರ ಹಿಂದೆಯೇ ವಲೆನ್ಸಿಯದ ಶಾತಿವಾ ಊರನ್ನು ಫಿಲಿಪ್‌ನ ಕಡೆಯವರು ಸುಟ್ಟು, ಅದರ ಹೆಸರನ್ನೂ ಬದಲಿಸಿದರು. ಆ ಊರಿನ ಮ್ಯೂಸಿಯಂನಲ್ಲಿ ಐದನೇ ಫಿಲಿಪ್‌ನ ಚಿತ್ರವನ್ನು ಇವತ್ತಿಗೂ ತಲೆಕೆಳಗಾಗಿ ನೇತುಹಾಕಿದ್ದಾರೆ.

ಸಿಡುಬು ಬದಲಿಸಿದ ಲೆಕ್ಕ

ಲಿಯೋಪೋಲ್ಡ್ 1705ರಲ್ಲಿ ಸತ್ತು, ಹಿರಿಯ ಮಗ ಜೋಸೆಫ್ ಚಕ್ರವರ್ತಿಯಾಗಿದ್ದ. 1711ರ ಏಪ್ರಿಲ್ 17ರಂದು ಸಿಡುಬು ಅವನನ್ನು ಕೊಂಡೊಯ್ದಿತು. ಗಂಡು ಮಕ್ಕಳಿರಲಿಲ್ಲ. ಹಾಗಾಗಿ ತಮ್ಮನೇ ವಾರಸುದಾರ, ಬಾರ್ಸಿಲೋನಾದಲ್ಲಿದ್ದ ಆರ್ಚ್‌ಡ್ಯೂಕ್ ಚಾರ್ಲ್ಸ್.

ಇದರ ಅರ್ಥವೇನು ನೋಡಿ. ಸ್ಪೇನ್ ಮತ್ತು ಫ್ರಾನ್ಸ್ ಒಂದಾಗಬಾರದು ಎಂದು ಹತ್ತು ವರ್ಷ ಕಾದಿದ ಇಂಗ್ಲೆಂಡ್ ಈಗ ಗೆದ್ದರೆ, ಸ್ಪೇನ್ ಮತ್ತು ಆಸ್ಟ್ರಿಯ ಒಂದಾಗುತ್ತವೆ! ಯಾವ ಅಪಾಯ ತಡೆಯಲು ಹೊರಟರೋ ಅಂಥದ್ದೇ ಅಪಾಯವನ್ನು ತಮ್ಮ ಕೈಯಾರೆ ಕಟ್ಟಿದಂತಾಗುತ್ತಿತ್ತು. ಲಂಡನ್‌ನಲ್ಲಿ 1710ರಲ್ಲೇ ಶಾಂತಿ ಬೇಕೆನ್ನುವ ಟೋರಿ ಪಕ್ಷದ ಸರ್ಕಾರ ಬಂದಿತ್ತು, ಗುಟ್ಟಾಗಿ ಫ್ರಾನ್ಸ್ ಜೊತೆ ಮಾತುಕತೆಯೂ ನಡೆದಿತ್ತು. ಈಗ ಅವರಿಗೆ ಒಳ್ಳೆಯ ಕಾರಣವೂ ಸಿಕ್ಕಿತು. 1712ರಲ್ಲಿ ರಣರಂಗದಲ್ಲಿದ್ದ ಬ್ರಿಟಿಷ್ ಸೇನಾಪತಿಗೆ ಕಾದಬೇಡ ಎಂದು ಗುಪ್ತ ಆದೇಶ ಹೋಯಿತು. ಪಕ್ಕದಲ್ಲಿದ್ದ ಮಿತ್ರರಿಗೆ ತಿಳಿಸಲಿಲ್ಲ, ಎದುರಿಗಿದ್ದ ಫ್ರೆಂಚರಿಗೆ ತಿಳಿಸಿದರು. ಎರಡು ತಿಂಗಳಲ್ಲಿ ಫ್ರೆಂಚರು ಡೆನ್ಯಾನ್‌ನಲ್ಲಿ ಗೆದ್ದರು.

ಅಷ್ಟರಲ್ಲಿ ವರ್ಸೈಲ್ಸ್‌ನಲ್ಲಿ ಸಾವಿನ ಮೇಲೆ ಸಾವು. ಲೂಯಿಯ ಮಗ 1711ರಲ್ಲಿ ಸಿಡುಬಿನಿಂದ ಸತ್ತ. 1712ರ ಫೆಬ್ರವರಿ ಮಾರ್ಚ್‌ನಲ್ಲಿ ಹಿರಿಯ ಮೊಮ್ಮಗ, ಅವನ ಹೆಂಡತಿ, ಅವರ ಐದು ವರ್ಷದ ಮಗ, ಮೂವರೂ ದಡಾರಕ್ಕೆ ಬಲಿಯಾದರು. ಉಳಿದದ್ದು ಎರಡು ವರ್ಷದ ಇನ್ನೊಂದು ಮಗು. ವೈದ್ಯರು ರಕ್ತ ತೆಗೆಯಲು ಬಂದಾಗ ಅದರ ದಾದಿ ಮಾದಾಂ ವಾಂತಾದೂರ್ ಮಗುವನ್ನು ಅವರ ಕೈಗೆ ಕೊಡಲಿಲ್ಲ, ಹಾಗಾಗಿ ಬದುಕಿತು. ಆ ಮಗುವೇ ಮುಂದೆ ಹದಿನೈದನೇ ಲೂಯಿ. ಅದೂ ಹೋಗಿದ್ದರೆ ಫ್ರಾನ್ಸ್ ಕಿರೀಟ ನೇರ ಫಿಲಿಪ್‌ಗೆ. ಹಾಗಾಗಿ ಫ್ರಾನ್ಸ್ ಹಕ್ಕನ್ನು ಬಿಟ್ಟು ಬರೆದುಕೊಡು ಎಂದು ಬ್ರಿಟನ್ ಪಟ್ಟು ಹಿಡಿಯಿತು. ಹುಟ್ಟಿನ ಹಕ್ಕನ್ನು ಬರೆದುಕೊಡಲು ಬರುವುದಿಲ್ಲ ಎಂಬ ಹಳೆಯ ವಾದವನ್ನೇ ಫ್ರೆಂಚ್ ಮಂತ್ರಿಗಳು ಮತ್ತೆ ಮುಂದಿಟ್ಟರು. ಈ ಸಲ ಅದು ನಡೆಯಲಿಲ್ಲ. 1712ರ ನವೆಂಬರ್‌ನಲ್ಲಿ ಫಿಲಿಪ್ ಬರೆದುಕೊಟ್ಟ.

1713ರ ಏಪ್ರಿಲ್ 11ರಂದು ಉಟ್ರೆಕ್ಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಸ್ಪೇನ್ ಮತ್ತು ಅಮೆರಿಕ ಫಿಲಿಪ್‌ಗೆ ಉಳಿದವು. ಬೆಲ್ಜಿಯಂ, ಮಿಲಾನ್, ನೇಪಲ್ಸ್, ಸಾರ್ಡೀನಿಯ ಆಸ್ಟ್ರಿಯಕ್ಕೆ. ಸಿಸಿಲಿ ಉತ್ತರ ಇಟಲಿಯ ಸವಾಯ್‌ನ ಡ್ಯೂಕ್‌ಗೆ. ಒಡೆಯಬಾರದು ಎಂದು ಚಾರ್ಲ್ಸ್ ಸಾಯುವವರೆಗೂ ಬೇಡಿದ್ದ ರಾಜ್ಯ ಒಡೆಯಿತು. 1701ರಲ್ಲಿ ಕೂಟ ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ. ನಡುವಿನ ಹನ್ನೆರಡು ವರ್ಷ ಸತ್ತವರು ಯಾತಕ್ಕೆ ಸತ್ತರು ಎಂದು ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ.

ಬ್ರಿಟನ್‌ಗೆ ಜಿಬ್ರಾಲ್ಟರ್, ಮೆನೋರ್ಕ, ಕೆನಡಾದ ಕಡೆ ನ್ಯೂಫೌಂಡ್‌ಲ್ಯಾಂಡ್, ಹಡ್ಸನ್ ಕೊಲ್ಲಿ ಮತ್ತು ಅಕೇಡಿಯ ಸಿಕ್ಕವು. ಲಂಡನ್‌ನವರು ಅತಿ ಹೆಚ್ಚು ಸಂಭ್ರಮಿಸಿದ್ದು ಗುಲಾಮರ ಗುತ್ತಿಗೆಗೆ. 30 ವರ್ಷ, ವರ್ಷಕ್ಕೆ 4,800 ಗುಲಾಮರಂತೆ, ಆಫ್ರಿಕದ ಮನುಷ್ಯರನ್ನು ಹಿಡಿದು ಸ್ಪೇನ್‌ನ ಅಮೆರಿಕದಲ್ಲಿ ಮಾರುವ ಹಕ್ಕು. ಶಾಂತಿ ಒಪ್ಪಂದದ ದೊಡ್ಡ ಲಾಭ ಎಂದು ಪಾರ್ಲಿಮೆಂಟಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದು ಇದನ್ನು. ಈ ಯುದ್ಧದ ಬಗ್ಗೆ ಓದುವಾಗ ರಾಜರ ಹೆಸರುಗಳ ನಡುವೆ ಈ ಸಂಖ್ಯೆ ಕಳೆದುಹೋಗಬಾರದು.

ಬಾರ್ಸಿಲೋನಾ

1705ರಲ್ಲಿ ಇಂಗ್ಲೆಂಡ್ ಜಿನೋವಾದಲ್ಲಿ ಕ್ಯಾಟಲನ್ನರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ನೀವು ಆರ್ಚ್‌ಡ್ಯೂಕ್ ಪರ ಎದ್ದು ನಿಲ್ಲಿ, ಏನೇ ಆದರೂ ನಿಮ್ಮ ಕಾನೂನು ಮತ್ತು ಹಕ್ಕುಗಳನ್ನು ನಾವು ಕಾಪಾಡುತ್ತೇವೆ. ಅವರು ನಂಬಿ ನಿಂತರು. ಉಟ್ರೆಕ್ಟ್‌ನಲ್ಲಿ ಬ್ರಿಟನ್ ಅವರಿಗೆ ಕೊಡಿಸಿದ್ದು ಕ್ಷಮೆ, ಜೊತೆಗೆ ಕ್ಯಾಸ್ಟೀಲ್‌ನವರಿಗಿರುವ ಹಕ್ಕುಗಳು. ಅಂದರೆ ಅವರ ಸ್ವಂತ ಕಾನೂನು ಹೋಯಿತು ಎಂದೇ ಅರ್ಥ. ಚಾರ್ಲ್ಸ್ ಆಗಲೇ ಚಕ್ರವರ್ತಿಯಾಗಿ ಹೊರಟುಹೋಗಿದ್ದ. 1713ರ ಬೇಸಿಗೆಯಲ್ಲಿ ಅವನ ಸೈನ್ಯವೂ ಹಡಗು ಹತ್ತಿತು. ಕ್ಯಾಟಲನ್ನರನ್ನು ಎಲ್ಲರೂ ನಡುನೀರಿನಲ್ಲಿ ಕೈಬಿಟ್ಟರು.

ಬಾರ್ಸಿಲೋನಾದಲ್ಲಿ ಸಭೆ ಸೇರಿ ಶರಣಾಗುವುದಿಲ್ಲ ಎಂದು ತೀರ್ಮಾನಿಸಿದರು. ಯಾವ ದೇಶದ ಬೆಂಬಲವೂ ಇಲ್ಲದೆ ಒಂದು ಊರು ಎರಡು ರಾಜ್ಯಗಳ ಸೈನ್ಯವನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ತಡೆಯಿತು. ಗೋಡೆ ಕಾದವರಲ್ಲಿ ಹೆಚ್ಚಿನವರು ಕಸುಬುದಾರರು. ಚಮ್ಮಾರರು, ದರ್ಜಿಗಳು, ಬಡಗಿಗಳು ತಮ್ಮ ತಮ್ಮ ಕಸುಬಿನ ಸಂಘದ ತುಕಡಿಗಳಲ್ಲಿ ಸರದಿಯ ಮೇಲೆ ನಿಲ್ಲುತ್ತಿದ್ದರು. ಎದುರಿಗೆ ಬರ್ವಿಕ್, ಸುಮಾರು 40,000 ಸೈನಿಕರ ಜೊತೆ. 1714ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಅವನ ಪಡೆ ಒಡೆದ ಗೋಡೆಯ ಮೂಲಕ ನುಗ್ಗಿತು. ನಗರದ ಮುಖ್ಯಸ್ಥ ರಫಾಯಲ್ ಕಸನೋವ ಊರನ್ನು ಕಾಯುವ ಕ್ರೈಸ್ತ ಸಂತಳು ಯೂಲಾಲಿಯಾಳ ಬಾವುಟ ಹಿಡಿದು ಮುಂದೆ ಬಂದು ಗಾಯಗೊಂಡ. ಮಧ್ಯಾಹ್ನದ ನಂತರ ಊರು ಸಂಧಾನಕ್ಕೆ ಬಂತು.

ಸೇಡು ನಿಧಾನವಾಗಿ ಬಂತು. ಮುತ್ತಿಗೆಯ ಕಾಲದಲ್ಲಿ ಹೊರಗಿನಿಂದ ಹೋರಾಡಿದ ಜೋಸೆಪ್ ಮೊರಾಗಸ್ ಎಂಬ ಸೇನಾಪತಿಯನ್ನು 1715ರಲ್ಲಿ ಕೊಂದು, ಅವನ ತಲೆಯನ್ನು ಪಂಜರದಲ್ಲಿಟ್ಟು ಊರ ಬಾಗಿಲಿಗೆ ನೇತುಹಾಕಿದರು. ಅದು ಅಲ್ಲಿ 12 ವರ್ಷ ಇತ್ತು. ರಿಬೆರಾ ಕೇರಿಯ ಸುಮಾರು ಸಾವಿರ ಮನೆಗಳನ್ನು ಕೆಡವಿ, ಊರನ್ನೇ ಗುರಿಯಿಟ್ಟು ನೋಡುವ ಒಂದು ದೊಡ್ಡ ಕೋಟೆ ಕಟ್ಟಿದರು. 1716ರ ಆದೇಶ ಕ್ಯಾಟಲೋನಿಯದ ಸಭೆಗಳನ್ನೂ ಹಳೆಯ ಆಡಳಿತವನ್ನೂ ತೆಗೆದುಹಾಕಿತು. ಆ ಕೋಟೆ ಈಗಿಲ್ಲ, ಅಲ್ಲೊಂದು ಪಾರ್ಕಿದೆ. ಕೋಟೆಯ ಮದ್ದುಗುಂಡಿನ ಮನೆಯಾಗಿದ್ದ ಕಟ್ಟಡದಲ್ಲಿ ಕ್ಯಾಟಲೋನಿಯದ ಪಾರ್ಲಿಮೆಂಟ್ ಸೇರುತ್ತದೆ. ಕೆಡವಿದ ಕೇರಿಯ ಅಡಿಪಾಯ, ಬೀದಿ, ಬಾವಿಗಳನ್ನು ಹಳೆಯ ಬೋರ್ನ್ ಮಾರುಕಟ್ಟೆಯ ಚಾವಣಿಯ ಕೆಳಗೆ ನೋಡಬಹುದು. ಸೆಪ್ಟೆಂಬರ್ 11 ಇವತ್ತಿಗೂ ಕ್ಯಾಟಲನ್ನರ ನಾಡಹಬ್ಬ.

ವಿಯೆನ್ನಾ ಸೇರಿದ ಚಾರ್ಲ್ಸ್ ಸ್ಪೇನ್ ಆಸೆಯನ್ನು ಬೇಗ ಬಿಡಲಿಲ್ಲ. ದೇಶ ಬಿಟ್ಟು ಬಂದ ಸ್ಪೇನಿನವರಿಗೆ, ಕ್ಯಾಟಲನ್ನರಿಗೆ ಪಿಂಚಣಿ ಕೊಟ್ಟ. ಫಿಲಿಪ್ ಜೊತೆ ರಾಜಿಯಾದದ್ದು 1725ರಲ್ಲಿ. ಅಷ್ಟರಲ್ಲಿ ಅವನಿಗೂ ಅದೇ ಚಿಂತೆ ಅಂಟಿಕೊಂಡಿತ್ತು. ಗಂಡು ಸಂತಾನ ಉಳಿಯಲಿಲ್ಲ. ಮಗಳು ಮರಿಯಾ ತೆರೇಸಾಗೆ ಪಟ್ಟ ಸಿಗಲಿ ಎಂದು ವರ್ಷಗಟ್ಟಲೆ ಯುರೋಪಿನ ಒಬ್ಬೊಬ್ಬ ರಾಜನಿಂದಲೂ ಸಹಿ ಹಾಕಿಸಿಕೊಂಡ. 1740ರ ಅಕ್ಟೋಬರ್‌ನಲ್ಲಿ ಅವನು ಸತ್ತ. ಎರಡೇ ತಿಂಗಳಲ್ಲಿ ಪ್ರಷ್ಯದ ಸೈನ್ಯ ಆಸ್ಟ್ರಿಯದ ಸೈಲೀಷಿಯ ಪ್ರಾಂತ್ಯಕ್ಕೆ ನುಗ್ಗಿ ಮತ್ತೊಂದು ಉತ್ತರಾಧಿಕಾರ ಯುದ್ಧ ಶುರುವಾಯಿತು. ಅದು ನಮ್ಮ ದಕ್ಷಿಣಕ್ಕೂ ಬಂತು. 1746ರ ಸೆಪ್ಟೆಂಬರ್‌ನಲ್ಲಿ ಫ್ರೆಂಚರು ಬ್ರಿಟಿಷರಿಂದ ಮದ್ರಾಸನ್ನು ಕಿತ್ತುಕೊಂಡರು. 1748ರ ಒಪ್ಪಂದದಲ್ಲಿ ಅದು ಬ್ರಿಟಿಷರಿಗೆ ವಾಪಸ್ಸಾಯಿತು, ಅದಕ್ಕೆ ಬದಲಾಗಿ ಕೆನಡಾದ ಲೂಯಿಸ್‌ಬರ್ಗ್ ಕೋಟೆ ಫ್ರೆಂಚರ ಕೈಸೇರಿತು.